ಎಕ್ಸ್ ಎರಡಾದರೆ

ಶಿಡ್ಲಘಟ್ಟ. ಮೊದಲ ಪಿಯು, ಕೊನೆಯ ಪೀರಿಯಡ್ಡು.
ಕಿಟಕಿಯಲ್ಲಿ ಬೇಯುವ ಗೂಡಿನ ವಾಸನೆ.
ಹೊಸಬರು ಮೂಗು ಮುಚ್ಚುತ್ತಾರೆ;
ನನಗೆ ಹನ್ನೊಂದು ವರ್ಷ, ಮರೆತೇಹೋಗಿದೆ.

ಬೋರ್ಡಿನಲ್ಲಿ ಅಂಶ:
ಎಕ್ಸ್ ವರ್ಗ ಮೈನಸ್ ಐದು ಎಕ್ಸ್ ಪ್ಲಸ್ ಆರು.
ಗೆರೆಯ ಕೆಳಗೆ ಛೇದ: ಎಕ್ಸ್ ಮೈನಸ್ ಎರಡು.

ಅಪವರ್ತಿಸುವುದೆಂದರೆ ಬಿಸಿನೀರಿಗೆ ಹಾಕಿದ ಹಾಗೆ, ಅಂದೆ.
ಒಂದೇ ಉಂಡೆ ಅನ್ನಿಸಿದ್ದು
ಸಡಿಲಾಗಿ ತುದಿ ಕೊಡುತ್ತದೆ.
ಗುಣಿಸಿದರೆ ಆರು, ಕೂಡಿದರೆ ಐದು, ಯಾರ್ಯಾರು?
"ಎರಡೂ ಮೂರೂ!" ಹಿಂದಿನ ಬೆಂಚು ಕೂಗಿತು
ಗೂಡು ಹರಾಜಿನ ದನಿಯಲ್ಲಿ.

ಎಕ್ಸ್ ಮೈನಸ್ ಎರಡು ಮೇಲೂ ಇದೆ, ಕೆಳಗೂ ಇದೆ.
ಹೊಡೆದುಹಾಕಿದೆ, ಒಂದೊಂದು ಓರೆ ಗೀಟು.
ಉಳಿದದ್ದು ಎಕ್ಸ್ ಮೈನಸ್ ಮೂರು,
ಗ್ರಾಫಿನಲ್ಲಿ ಬರೀ ನೇರ ಗೆರೆ.
ಕೈಯ ಸುಣ್ಣ ಕೊಡವಿಕೊಂಡೆ.

ಫರ್ಹಾನಾ ಎದ್ದಳು.
ಬೆಳಗಿನ ಜಾವ ಅಪ್ಪನ ಬೇಸಿನ್ನಿಗೆ ಕೈಹಾಕಿ ಬಂದವಳು,
ಬೆರಳ ತುದಿ ಇನ್ನೂ ಬೆಳ್ಳಗೆ, ಸುಕ್ಕು ಸುಕ್ಕು.
"ಎಕ್ಸ್ ಎರಡಾದರೆ ಮೇಡಂ?"

ಮೈನಸ್ ಒಂದು.

"ಅದು ಉಳಿದಿದ್ದಕ್ಕೆ. ಮೊದಲಿಂದಕ್ಕೆ?"

ಹಾಕಿ ನೋಡಿದೆ.
ಮೇಲೆ ಸೊನ್ನೆ.
ಕೆಳಗೂ ಸೊನ್ನೆ.

ಗೊತ್ತಿಲ್ಲದ್ದೇನಲ್ಲ.
'ಎಕ್ಸ್ ಎರಡಕ್ಕೆ ಸಮವಲ್ಲ' ಎಂದು ಅಂಚಿನಲ್ಲಿ
ಚಿಕ್ಕದಾಗಿ ಬರೆಸುತ್ತೇನೆ ಪ್ರತಿ ವರ್ಷ,
ಪೀರಿಯಡ್ಡಿನಲ್ಲಿ ಟೈಮು ಮಿಕ್ಕಿದರೆ.

ಅವಳೇ ಬಂದು ಆ ನೇರ ಗೆರೆಯ ಮೇಲೆ
ಎರಡರ ಜಾಗದಲ್ಲಿ ಪುಟ್ಟ ಸೊನ್ನೆ ಸುತ್ತಿ
ಒಳಗಿನ ಸುಣ್ಣವನ್ನು ಬೆರಳಿಂದ ಒರೆಸಿದಳು.
"ಚಿಟ್ಟೆ ತೂತು ಮಾಡ್ಕೊಂಡು ಹೋದ ಗೂಡು ಇದು.
ಬುಟ್ಟೀಲಿದ್ರೆ ಒಳ್ಳೇ ಗೂಡೇ.
ನೂಲು ತೆಗೀವಾಗ ಅಲ್ಲಿಗೆ ಬಂದು ಕಡಿಯುತ್ತೆ.
ಅದಕ್ಕೇ ಅಬ್ಬಾ ಬೆಳಕಿಗೆ ಹಿಡಿದು ನೋಡೋದು."

ಯಾರೋ ನಕ್ಕರು. ಮುನಿಕೃಷ್ಣ ಮಾತ್ರ ಕೇಳಿದ:
ಮೇಲೆ ಜೊತೆಯಿಲ್ಲದೆ
ಕೆಳಗೆ ಒಂದೇ ಉಳಿದುಬಿಟ್ಟರೆ?
ಆಗ ತೂತಲ್ಲಪ್ಪ, ಗೋಡೆ.
ಗೆರೆ ಪಕ್ಕದಲ್ಲೇ ಏರುತ್ತದೆ, ಏರುತ್ತಲೇ ಇರುತ್ತದೆ,
ಮುಟ್ಟುವುದಿಲ್ಲ.
ಗಂಟೆ ಹೊಡೆಯಿತು.

ಚಿಂತಾಮಣಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು.
ಮಡಿಲಲ್ಲಿ ಹೋದ ವಾರದ ಟೆಸ್ಟಿನ ಕಟ್ಟು,
ಮೂವತ್ತನಾಲ್ಕು ಪೇಪರು,
ಏಳನೇ ಪ್ರಶ್ನೆಗೆ ಎಲ್ಲರಿಗೂ ಸರಿ ಹಾಕಿದ್ದೇನೆ.

ಕೆಂಪು ಪೆನ್ನು ತೆಗೆದೆ.
ಬಸ್ಸು ಕುಲುಕುತ್ತಿತ್ತು.
ಒಂದು ಹಾಳೆಯನ್ನು
ಕಿಟಕಿಯ ಬೆಳಕಿಗೆ ಹಿಡಿದೆ.