ಆಪ್ಷನ್ ಎಂಟ್ರಿ, ಕೊನೆಯ ದಿನ

ಗಡುವು ಸಂಜೆ ಐದೂವರೆಗೆ.
ನಾಲ್ಕೂ ಮುಕ್ಕಾಲಿಗೆ ಬಂದಳು ದುರ್ಗಿಗುಡಿಯ ನನ್ನ ಅಂಗಡಿಗೆ,
ಪ್ಲಾಸ್ಟಿಕ್ ಫೈಲು ಎದೆಗವುಚಿಕೊಂಡು.
"ಬಿಎಸ್ಸಿ ನರ್ಸಿಂಗು. ಸರ್ಕಾರಿ ಸೀಟು" ಎಂದಳು,
ದಿನಸಿ ಅಂಗಡಿಯಲ್ಲಿ ಅರ್ಧ ಕೇಜಿ ಬೆಲ್ಲ ಕೇಳಿದಷ್ಟೇ ಸಲೀಸಾಗಿ.

ಬೆಳಗಿನಿಂದ ಹತ್ತೊಂಬತ್ತು ಹುಡುಗಿಯರು, ಒಬ್ಬ ಹುಡುಗ.
ಎಲ್ಲರಿಗೂ ಮೊದಲ ಆಯ್ಕೆ ಒಂದೇ:
ಮೆಗ್ಗಾನ್ ಆಸ್ಪತ್ರೆ ಪಕ್ಕದ ಕಾಲೇಜು.
ಅಲ್ಲಿಯ ಸೀಟುಗಳನ್ನು ಹತ್ತಿಸಿದರೆ ಎರಡು ಸಿಟಿ ಬಸ್ಸು ತುಂಬುವುದಿಲ್ಲ.
ಈ ಮಾತನ್ನು ನಾನು ಯಾರಿಗೂ ಹೇಳುವುದಿಲ್ಲ;
ಫಾರಂ ಒಂದಕ್ಕೆ ಅರವತ್ತು ರೂಪಾಯಿ, ಪ್ರಿಂಟು ಬೇರೆ.

ಸುಚಿತ್ರಾ ಕೆರಿಯಪ್ಪ. ಊರು, ಹಿನ್ನೀರಿನ ಆಚೆ.
ಜಾತಿ, ಆದಾಯ, ಆರ್‌ಡಿ ನಂಬರು,
ಹಳ್ಳಿಯಲ್ಲಿ ಓದಿದ ಹತ್ತು ವರ್ಷ,
ಕನ್ನಡದಲ್ಲಿ ಓದಿದ್ದೂ ಅದೇ ಹತ್ತು ವರ್ಷ,
ಎರಡಕ್ಕೂ ಬೇರೆ ಬೇರೆ ಕಾಗದ, ಒಬ್ಬರೇ ಹೆಡ್‌ಮಾಸ್ತರ ಸಹಿ,
ಬಿಇಓ ಸೀಲು ಅರ್ಧ ಕಾಗದದಾಚೆ ಜಾರಿದೆ.
ಎಲ್ಲ ಕೇಳುತ್ತದೆ ಈ ಫಾರಂ.
ಯಾಕೆ ಎಂದು ಮಾತ್ರ ಕೇಳುವುದಿಲ್ಲ.
ಕೇಳಿದ್ದರೂ, ಇನ್ನೂರೈವತ್ತು ಅಕ್ಷರ ಮೀರದಂತೆ ಎನ್ನುತ್ತಿತ್ತು.

ಸಬ್ಮಿಟ್ ಒತ್ತಿದೆ. ಒಟಿಪಿ ಹೊರಟಿತು
ಅವಳಪ್ಪನ ಮೊಬೈಲಿಗೆ.
ಮನೆ ಒಂದು ಕಡೆ, ಸಿಗ್ನಲ್ಲು ಲಾಂಚ್ ಕಟ್ಟೆಯಲ್ಲಿ,
ನಡುವೆ ಒಂದೂವರೆ ಮೈಲಿ ಕಾಡು.
"ನಾಕೂವರೆಗೇ ಹೋಗಿ ನಿಂತ್ಕ ಅಂದೀದೀನಿ ಅಕ್ಕಾ" ಎಂದಳು.

ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು.
ಐದೂ ಹತ್ತು. ಐದೂ ಹದಿಮೂರು.
ನಾನು ಮೇಜು ಕುಟ್ಟುತ್ತಿದ್ದೆ.
ಕೇಳದೆಯೇ ನನ್ನ ಮುಂಗೈ ಹಿಡಿದಳು,
ಹೆಬ್ಬೆರಳು ಬಿಟ್ಟು ಮೂರು ಬೆರಳಿಟ್ಟು
ಗೋಡೆ ಗಡಿಯಾರ ನೋಡುತ್ತ ತುಟಿಯಲ್ಲೇ ಎಣಿಸಿದಳು.
"ತೊಂಬತ್ತಾರು. ಕೂತೇ ಇದೀರಲ್ಲ, ಜಾಸ್ತಿ ಆಯ್ತು."

ಎಲ್ಲಿ ಕಲಿತೆ ಎಂದೆ.
ಮಂಗ ಸತ್ತು ಬಿದ್ದ ವರ್ಷ, ಎಂದಳು.
ಲಾಂಚಿನಲ್ಲಿ ಐಸ್ ಡಬ್ಬಿ ಹೊತ್ತು ಬರುತ್ತಿದ್ದ ಒಬ್ಬ ಸಿಸ್ಟರು,
ಮನೆಮನೆಗೆ ಸೂಜಿ,
ಉಣುಗು ಹತ್ತದಂತೆ ಕೈಕಾಲಿಗೆ ಎಣ್ಣೆ.
ಅತ್ತೆಗೆ ಜ್ವರ ಏರಿದಾಗ ಮೂರು ರಾತ್ರಿ ಅಲ್ಲೇ ಉಳಿದು
"ನೀನು ನಾಡಿ ಎಣಿಸು, ನಾನು ಬರ್ಕೊಳ್ತೀನಿ" ಎಂದರಂತೆ.
ಇವಳಿಗಾಗ ಹನ್ನೊಂದು.
ಅತ್ತೆ ಏನಾದಳೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ಬೆರಳು ಇನ್ನೂ ನನ್ನ ಮುಂಗೈ ಮೇಲೆಯೇ ಇದ್ದವು.

ಫೋನು ಬಡಿದುಕೊಂಡಿತು.
ಆ ತುದಿಯಲ್ಲಿ ಗಾಳಿ, ಇಂಜಿನ್ನಿನ ಗುಡುಗುಡು, ಯಾರದೋ ಕೆಮ್ಮು.
"ಬಂತು ಮಾರಾಯ್ತಿ. ಆರು ಅಂಕಿ ಐತೆ.
ಆದ್ರೆ ಟಿಕೆಟ್ ಹರಿಯೋ ಹುಡುಗ ಓದಿ ಹೇಳ್ದ,
ಇದನ್ನ ಯಾರಿಗೂ ಹೇಳ್ಬಾರ್ದು ಅಂತ ಬರ್ದೈತಂತಲ್ಲ.
ನಿಂಗೆ ಹೇಳ್ಲಾ?"
"ನಂಗೆ ಹೇಳಪ್ಪ" ಎಂದಳು.
ಅಷ್ಟು ಹೊತ್ತಿನಲ್ಲಿ ಅವಳ ದನಿ ನಡುಗಿದ್ದು ಅಲ್ಲೊಂದೇ ಕಡೆ.

ನಾಕು. ಸೊನ್ನೆ. ಏಳು. ಇನ್ನೊಂದು ಏಳು.
ತೂಕದ ಬಟ್ಟು ಇಟ್ಟ ಹಾಗೆ ಒಂದೊಂದನ್ನೇ ಇಟ್ಟ.
ಐದೂ ಇಪ್ಪತ್ತೊಂಬತ್ತಕ್ಕೆ ಪರದೆ ಹಸಿರಾಯಿತು.

ಚಿಲ್ಲರೆ ಎಣಿಸಿ ಕೊಟ್ಟಳು.
ಕೊನೇ ಲಾಂಚು ಸಿಗುವುದಿಲ್ಲ, ಸಾಗರದಲ್ಲಿ ಚಿಕ್ಕಮ್ಮ ಇದ್ದಾಳೆ.
ಮೆಟ್ಟಿಲಿಳಿದವಳು ತಿರುಗಿ,
"ಅಕ್ಕಾ, ಬಿಪಿ ತೋರಿಸ್ಕಳಿ. ಅಪ್ಪೆಮಿಡಿ ಸ್ವಲ್ಪ ಕಡಿಮೆ ಮಾಡಿ."
ಊಟದ ಡಬ್ಬಿ ಮುಚ್ಚಳ ತೆರೆದೇ ಇತ್ತು, ನೋಡಿದ್ದಾಳೆ.

ಮೊದಲ ಸುತ್ತಿನಲ್ಲಿ ಅವಳ ಹೆಸರಿನ ಮುಂದೆ
ಯಾವ ಕಾಲೇಜೂ ಇರಲಿಲ್ಲ.
ಎರಡನೆಯದು ಇವತ್ತು, ಹನ್ನೊಂದಕ್ಕೆ.
ಅವಳ ಅರ್ಜಿ ಸಂಖ್ಯೆ ನನಗೀಗ ಬಾಯಿಪಾಠ.
ಮೆಗ್ಗಾನಿನ ಬೆಂಚಿನ ಮೇಲೆ ಕೂತು
ಎಡಗೈಯಲ್ಲಿ ಮೊಬೈಲು ಒತ್ತುತ್ತಿದ್ದೇನೆ, ಚಕ್ರ ತಿರುಗುತ್ತಿದೆ.
ಬಲತೋಳಿಗೆ ಪಟ್ಟಿ ಸುತ್ತುತ್ತಿರುವ ನೀಲಿ ಅಂಚಿನ ವಿದ್ಯಾರ್ಥಿನಿ
ಎರಡು ಸಲ ಹೇಳಿದಳು,
ಅದನ್ನು ಕೆಳಗಿಡಿ,
ಕೈ ಸಡಿಲ ಬಿಡಿ.