ಉಳಿಸಿದ ಗಂಟು

ಸೋಮವಾರ ಮುಂಜಾನೆ ಟೆಂಪೋ ಬಂತು.
ನಾಕು ಚೀಲ ಇಳಿಸಿ, ಚೀಟಿ ಕೈಯಾಗಿಟ್ಟು,
"ಶನಿವಾರಕ್ಕ ಬೇಕವ್ವ" ಅಂದು ಹ್ವಾದ.
ಹಿಂದಿನ ವಾರದ್ದು ಎರಡು
ಇನ್ನೂ ಬಾಯಿ ಬಿಚ್ಚದ
ಗ್ವಾಡಿಗೆ ಆತು ಕುಂತಾವು.

ಭಾಗ್ಯನಗರದಾಗ ನಮ್ಮ ಓಣಿಗೆ
ಊರೂರಿನ ತಲಿ ಬರತಾವು,
ತಲಿ ಬಿಟ್ಟು ಬರೀ ಕೂದಲ.
ಹಣಿಗಿಗೆ ಸಿಕ್ಕದ್ದು, ಬಚ್ಚಲ ಜಾಳಿಗೆ ಸಿಕ್ಕದ್ದು,
ಸ್ಟೀಲ್ ಬೋಗಾಣಿಗೆ ಬದಲಾದದ್ದು,
ಗುಬ್ಬಿಗೂಡಿನಂಗ ಒಂದರಾಗೊಂದು ಹೊಕ್ಕು
ಉಂಡಿ ಉಂಡಿ ಆದದ್ದು.
ನಮ್ಮ ಕೆಲಸ ಇಷ್ಟ:
ದಬ್ಬಣ ತೊಗೊಂಡು ಬಿಡಸೋದು.
ಎಂಟಿಂಚಿಂದು ಎಂಟಿಂಚಿನ ಕಡೆ,
ಹನ್ನೆರಡರದ್ದು ಹನ್ನೆರಡರ ಕಡೆ.

ಕೂದಲು ಕೊಂಕದಂಗ ನೋಡ್ಕೊಂತೀನಿ ಅಂದಿದ್ದ
ಲಗ್ನದಾಗ ನನ್ನ ಗಂಡ.
ಮನಿಶಾ ಸುಳ್ಳಲ್ಲ. ಆದ್ರ ಇಲ್ಲಿ
ಕೊಂಕದ್ದು ಒಂದಿದ್ರ ತೋರಸು.

ಮಂಗಳವಾರ ಲೆಕ್ಕ ಹಾಕಿದೆ, ಹಾಕಬಾರದಿತ್ತು.
ಆರು ಚೀಲ. ಚೀಲಕ್ಕ ಇಷ್ಟು ಕಿಲೋ,
ಕಿಲೋಕ್ಕ ಇಷ್ಟು ತಾಸು.
ಕೂಡಿಸಿದ್ರ ವಾರಕ್ಕ ಒಂಬತ್ತು ದಿನ ಬೇಕು.
ಎಂಟನೇದ್ದು, ಒಂಬತ್ತನೇದ್ದು
ಯಾರ ಮನಿಯಿಂದ ಕಡಾ ತರಲಿ?
ಎದಿಯೊಳಗ ಏನೋ ಉಂಡಿಗಟ್ಟಿತು,
ಅದಕ್ಕ ದಬ್ಬಣ ಹತ್ತಲಿಲ್ಲ.
ಹುಬ್ಬಳ್ಳಿ ಕಡೆ ಹೋಗೋ ರೈಲು
ಗೇಟ್ ದಾಟೋ ತನಕ
ಒಂದೆಳಿನೂ ಬಿಡಸದ ಸುಮ್ಮನ ಕುಂತೆ.

ಬಾಜೂಕ ಕುಂತ ಮಾಬುನ್ನಿ, ಕಣ್ಣೆತ್ತದ ಅಂದ್ಲು:
"ಚೀಲ ನೋಡಬ್ಯಾಡ ಹುಲಿಗೆವ್ವ, ಗಂಟು ನೋಡು.
ಚೀಲ ನಿಂದಲ್ಲ, ಮಾಲಕಂದು."
ಮಾತು ಛಲೋ ಇತ್ತು. ಮಂಗಳವಾರ ದಾಟಿಸ್ತು.
ಬುಧವಾರ ಗಂಟೂ ಚೀಲದಷ್ಟು ಕಂಡ್ತು.

ಮನಿಗೆ ಹೋದ್ರ ಅಲ್ಲೂ ಚೀಲ ಅದಾವು, ಹೆಸರು ಬ್ಯಾರೆ:
ನಳ ಬರೋ ದಿನ, ಸಂಘದ ಕಂತು, ಅತ್ತಿ ಗುಳಿಗಿ.
ಬಡದಷ್ಟೂ ರೊಟ್ಟಿಬುಟ್ಟಿ ತಳಾ ಕಾಣತೈತಿ.
ನಿದ್ದ್ಯಾಗೂ ಬೆರಳು ಆಡತಾವಂತ.
ಮಗಳು ಹೇಳಿದ್ಲು: "ಯವ್ವಾ, ರಾತ್ರಿಯೆಲ್ಲಾ
ಕೌದಿ ದಾರ ಕೀಳತಿದ್ದಿ."

ಮರುದಿನ ಸಿಟ್ಟಿಗೆ ಕತ್ರಿ ತೊಗೊಂಡೆ.
ಕತ್ತರಿಸಿದ್ರ ಸೈಜ್ ಹೋಕ್ಕೈತಿ, ರೊಕ್ಕ ಹೋಕ್ಕೈತಿ.
ಆದ್ರೂ ಒಂದು ಉಂಡಿ ಕಚಕ್ ಅನಿಸಿದೆ.
ಒಳಗ
ಬಾಡಿದ ಕನಕಾಂಬರದ ದಾರ,
ಕೂಸಿನ ಕ್ಲಿಪ್ಪು, ಅದರ ಮ್ಯಾಲೊಂದು ಪ್ಲಾಸ್ಟಿಕ್ ಪಾತರಗಿತ್ತಿ.
ಯಾರೋ ಅವಸರದಾಗ ಬಾಚಿ ಎಳದದ್ದು.
ಸಾಲಿ ಗಂಟಿ ಹೊಡಿಯೋ ಹೊತ್ತಿರಬೇಕು.
ಎಲ್ಲಿಯಾಕಿಯೋ ಏನೋ,
ಆಕಿಗೂ ಕೆಲಸ ಮುಗಿದಿದ್ದಿಲ್ಲ.

ಅವತ್ತ ಸಂಜಿಕ ಒಂದು ರೂಢಿ ಮಾಡ್ಕೊಂಡೆ.
ಆರಕ್ಕ ಏಳತೀನಿ.
ಕೈಯಾಗಿನ ಉಂಡಿ ಮುಗಿಯಾಕ ಬಂದಿದ್ರೂ
ಕಡೀ ಗಂಟು ಬಿಚ್ಚೋದಿಲ್ಲ.
ಅದರಾಗ ದಬ್ಬಣ ಚುಚ್ಚಿ ಬುಟ್ಟ್ಯಾಗ ಇಟ್ಟು
ಸೀರಿ ಝಾಡಿಸಿ ಏಳತೀನಿ.
ಮಾಲಕ ಕೇಳ್ತಾನ: "ಉಳೀತೇನವ್ವ?"
ಉಳದಿಲ್ಲರೀ. ಉಳಿಸೀನಿ.
ಮಂದಿ ಬ್ಯಾಂಕಿನಾಗ ಗಂಟು ಇಡತಾರ,
ನಂದು ಬುಟ್ಟ್ಯಾಗ.

ಶನಿವಾರ ನಾಕು ಚೀಲ ಹ್ವಾದ್ವು, ಎರಡು ಅಲ್ಲೇ ಅದಾವು.
ಮಾಲಕ ಒದರಿದ, ಐವತ್ತು ರೂಪಾಯಿ ಹಿಡದ.
ಒದರೋದು ಅವನ ಕೆಲಸ.
ಅದೂ ಮುಗಿಯಂಗಿಲ್ಲ, ಪಾಪ.

ಐತವಾರ ಎಳಿಬಿಸಲಿಗೆ ಕಟ್ಟಿ ಮ್ಯಾಲ ಕುಂತು
ಎಣ್ಣಿ ಹಚ್ಚಿ, ಸಾವಕಾಶ
ನನ್ನ ತಲಿ ನಾನ ಬಾಚ್ಕೊಂಡೆ.
ಇಡೀ ವಾರದಾಗ ನನ್ನ ಪಾಳಿ ಆವಾಗ ಬಂತು.
ಹಣಿಗ್ಯಾಗ ಬಂದ ಹತ್ತಿಪ್ಪತ್ತು ಎಳಿ,
ಒಂದೆರಡು ಬೆಳ್ಳನ್ನವು,
ಬೆರಳಿಗೆ ಸುತ್ತಿ ಉಂಡಿ ಮಾಡಿ
ಗ್ವಾಡಿ ಸಂದ್ಯಾಗ ತುರುಕಿದೆ,
ಬೋಗಾಣಿಯವ ಬಂದ್ರ ಕೊಡಾಕ.
ಗೊತ್ತೈತಿ, ಅದೂ ಒಂದಿನ ಚೀಲದಾಗ ತಿರಿಗಿ
ನನ್ನ ಮುಂದ ಬಂದು ಬೀಳತೈತಿ.
ಬರಲಿ.
ಗುರುತು ಹತ್ತಿದ್ರ ನಗತೀನಿ.
ಹತ್ತದಿದ್ರ
ಬಿಡಸ್ತೀನಿ.