ಎರಡು ಮೊಳೆ

ಗದಗಿನ ಸ್ಟೇಶನ್ ರೋಡಿನ ನಮ್ಮ ಪ್ರೆಸ್ಸಿಗೆ
ಒಂದು ಬೇಸಿಗೆ ಫ್ರೆಂಚ್ ಸೇನಾಪತಿ ಬಂದ.
ಅಡಿವೆಪ್ಪ ಮಾಸ್ತರರು ಪೆನ್ಶನ್ ಹಣ ತಂದು
ಫಾರ್ಮು ಕಟ್ಟುವ ಕಲ್ಲಿನ ಮೇಲೆ ಎಣಿಸಿಟ್ಟರು.
ಜೊತೆಗೆ ಇನ್ನೂರಾ ಹದಿನಾರು ಹಾಳೆ, ಹಸಿರು ಶಾಯಿ,
ಮೊದಲನೆಯದಕ್ಕೆ ಒಗ್ಗರಣೆಯ ಜಿಡ್ಡು.

ದಾವಲಸಾಬ ಕನ್ನಡಕ ಏರಿಸಿ ಕೇಳಿದ,
"ಹೆಸರು ಇಷ್ಟಽ ಏನ್ರಿ? ಮುಂದ ಏನರೆ ಬಿಟ್ಟೀರೇನು?"
"ಇಷ್ಟಽ. ನೇ."
"ಅಗ್ಗಾತು ಬಿಡ್ರಿ. ಎರಡು ಮೊಳೀ ಮನಶಾ."
ನೆ ಒಂದು, ಅದರ ಬೆನ್ನಿಗೆ ದೀರ್ಘದ್ದೊಂದು.

ಅಗ್ಗ ಆಗಲಿಲ್ಲ.
ಪೀಪಾಯಿ ಕಟ್ಟುವವನ ಮಗ ಹತ್ತನೇ ಪುಟಕ್ಕೆ ಕುದುರೆ ಏರಿದ.
ಆಮೇಲೆ ನೇ ಬಂದ, ನೇ ಹೊಡೆದ, ನೇ ನದಿ ದಾಟಿದ,
ನಡುನಡುವೆ ಐದನೇ ತುಕಡಿ, ಆರನೇ ತುಕಡಿ,
ಹದಿನೇಳನೇ (ಅದರಲ್ಲಿ ಎರಡು ಸಲ)
ಎಲ್ಲಕ್ಕೂ ಅದೇ ಮೊಳೆ.

ನನಗೆ ಆಗ ಹದಿನಾಲ್ಕು.
ಅಚ್ಚಾದ ಪುಟ ಬಿಡಿಸಿ ಮೊಳೆಗಳನ್ನು
ತಮ್ಮ ತಮ್ಮ ಮನೆಗೆ ಕಳಿಸುವುದು ನನ್ನ ಕೆಲಸ,
ದಿನಕ್ಕೆ ಮೂರು ರೂಪಾಯಿ.
ಸಂಜೆ ಅವ್ವ ನನ್ನ ಬೂದಿಬಣ್ಣದ ಬೆರಳಿಗೆ
ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು.

ಎಂಬತ್ತನೇ ಪುಟಕ್ಕೆ ರಷ್ಯಾದ ಹಿಮ ಶುರುವಾಯಿತು.
ಬೆಟಗೇರಿಯ ಹಂಚು ಬಿಸಿಲಿಗೆ ಚಟಚಟ ಅನ್ನುವಾಗ
ದಾವಲಸಾಬ ಬನಿಯನ್ನಿನಲ್ಲಿ ನಿಂತು ಹಿಮ ಜೋಡಿಸಿದ.
ಎಲ್ಲರೂ ಮನೆ ಕಡೆ ಓಡಿದ ಮೇಲೆ
ಬಂದೂಕು ಹಿಡಿದು ಹಿಂದೆ ಉಳಿದವನು ಈ ನೇ,
ಅಷ್ಟು ದೊಡ್ಡ ಸೈನ್ಯದ ಬಾಲ,
ದೀರ್ಘದ ಹಾಗೆ.
ಆ ಪುಟದಲ್ಲೇ ದೀರ್ಘ ಮುಗಿದವು.

ಹುಬ್ಬಳ್ಳಿಯ ಫೌಂಡ್ರಿಗೆ ಕಾರ್ಡು ಹೋಯಿತು, ಉತ್ತರವಿಲ್ಲ.
ಬೇರೆ ಮೊಳೆಗಳನ್ನು ತಲೆಕೆಳಗು ಮಾಡಿ
ಇಲ್ಲದವರ ಜಾಗಕ್ಕೆ ಕಾವಲು ನಿಲ್ಲಿಸಿದ ದಾವಲಸಾಬ.
ಪ್ರೂಫಿನ ಬಿಳಿಯ ಮೇಲೆ ಅಲ್ಲಲ್ಲಿ ಕರೀ ಚೌಕ.
ಮಾಸ್ತರರು ಬಹಳ ಹೊತ್ತು ನೋಡಿ,
"ಹಿಂಗಽ ಇರಲಿ. ಇಷ್ಟು ಮಂದಿ ಬಿದ್ದಿದ್ರು ಅಲ್ಲಿ," ಅಂದರು.
"ತಪ್ಪು ತಪ್ಪಽ ರೀ," ಅಂದ ದಾವಲಸಾಬ.

ಹೊಸ ರಾಜನಿಗೆ ಆಣೆ ಮಾಡಿದ್ದವನು
ಹಳೇ ಒಡೆಯ ತಿರುಗಿ ಬಂದಾಗ ಅತ್ತ ಜಿಗಿದದ್ದು
ಪುಸ್ತಕದಲ್ಲಿ ಅರ್ಧವೇ ಪುಟ.
"ಇದನ್ಯಾಕ ಸಣ್ಣ ಮಾಡೀರಿ?"
ಮಾಸ್ತರರು ಗೋಡೆಯ ಕ್ಯಾಲೆಂಡರ್ ನೋಡಿದರು,
ತಾರೀಖು ಹುಡುಕುವವರಂತೆ.
ಮುಂದೆ ಯಾವಾಗಲೋ ಕೇಳಿದೆ:
ಶಿಕ್ಷಕರ ಮುಷ್ಕರದ ಕಾಗದಕ್ಕೆ ಮೊದಲ ಸಹಿ ಅವರದು;
ಮರುದಿನ ಸಾಲೆಗೆ ಹೋಗಿ ಹಾಜರಿ ಹಾಕಿದ
ಮೊದಲಿಗರೂ ಅವರೇ.

ಕೊನೇ ಪುಟ. ಕಣ್ಣಿಗೆ ಬಟ್ಟೆ ಬೇಡವೆಂದ.
ತನ್ನನ್ನು ಸುಡುವ ಸಿಪಾಯಿಗಳಿಗೆ ತಾನೇ ಹುಕುಂ ಕೊಟ್ಟನಂತೆ:
ನೇರ ಎದೆಗೆ.
ನೇರ ಅನ್ನಲಿಕ್ಕೆ ದೀರ್ಘ ಇಲ್ಲ.
ದಾವಲಸಾಬ ಎದ್ದು ಹೋಗಿ
ಕಟ್ಟಿಟ್ಟಿದ್ದ ಲಗ್ನಪತ್ರಿಕೆಯೊಂದರ
ಹನ್ನೊಂದನೇ ತಾರೀಖಿನ ಬಾಲ ಚಿಮಟದಿಂದ ಕಿತ್ತು ತಂದ.
"ಹೆಣ್ಣಿನ ಅಪ್ಪ ಬೈದರ ಬೈಲಿ."

ಮುನ್ನೂರು ಪ್ರತಿ. ಮಾಸ್ತರರು ಎರಡು ಸಲ ಟಾಂಗಾ ತಂದರು.
ಆ ಪುಟ ಬಿಡಿಸಲು ನನ್ನ ಪಾಲಿಗೆ ಬಂತು.
ಕುದುರೆ ಕ ಮನೆಗೆ, ಎದೆ ಎ ಮನೆಗೆ,
ಊಟದ ಹೊತ್ತಿಗೆ ಸೇನಾಪತಿ ಎಲ್ಲೂ ಇರಲಿಲ್ಲ.

ಸಂಜೆ ಬೆಟಗೇರಿಯ ನೇಕಾರರ ಸಂಘದವರು
ವರದಿ ಹಿಡಿದು ಬಂದರು, ಅವಸರ ಅಂದರು.
"ನೇ ಎಲ್ಲಿ ಅದಾನ ನೋಡವಾ,"
ದಾವಲಸಾಬ ತಲೆ ಎತ್ತದೆ ಕೈ ಚಾಚಿದ.
ಕೊಟ್ಟೆ, ಎರಡೂ ಮೊಳೆ.
ದೀರ್ಘದ ಬಾಲ ತುಸು ಸವೆದಿತ್ತು.